ಎಲ್ಲರೂ ಮೆಚ್ಚಿದ ನಾಣ್ಯ ಡೇಟಾಬೇಸನ್ನು ಯಾರೂ ಏಕೆ ಬಳಸುತ್ತಿಲ್ಲ?

ಪ್ರಶ್ನೆ: ನಾನು ವಿಜಯಪುರದ ಪದವಿ ಕಾಲೇಜೊಂದರಲ್ಲಿ ಇತಿಹಾಸ ಕಲಿಸುತ್ತೇನೆ. ವಿದ್ಯಾರ್ಥಿಗಳು ಮತ್ತು ನಮ್ಮ ಭಾಗದ ಕೆಲವು ಸಂಗ್ರಾಹಕರ ನೆರವಿನಿಂದ ಸುಮಾರು ಎಂಟುನೂರು ಹಳೆಯ ನಾಣ್ಯಗಳ ಆನ್‌ಲೈನ್ ಡೇಟಾಬೇಸ್ ಸಿದ್ಧಪಡಿಸಿದ್ದೇವೆ. ಹೆಚ್ಚಿನವು ಆದಿಲ್‌ಶಾಹಿ ನಾಣ್ಯಗಳು ಮತ್ತು ಶಿವರಾಯಿಗಳು, ಅಂದರೆ ಶಿವಾಜಿಯ ಹೆಸರಿನ ತಾಮ್ರದ ನಾಣ್ಯಗಳು. ವಿಜಯನಗರದವು, ಗೋವೆಯ ಕದಂಬರವು ಒಂದಿಷ್ಟಿವೆ. ಅಧಿಕೃತ ಬಿಡುಗಡೆಗೆ ಮೊದಲು ಅಭಿಪ್ರಾಯ ಕೇಳೋಣವೆಂದು ಫಾರ್ಮ್ ಕಳಿಸಿದೆವು. 42 ಜನ ತುಂಬಿದರು, ಬಹುತೇಕ ಎಲ್ಲರೂ ನಾಲ್ಕು ಅಥವಾ ಐದು ನಕ್ಷತ್ರ ಕೊಟ್ಟರು. ಆದರೆ ಒಂದು ತಿಂಗಳಾದರೂ ಅದನ್ನು ಬಳಸುವವರೇ ಇಲ್ಲ. ಬರುವ ಒಂದೆರಡು ಕರೆಗಳೂ ‘ಮೇಡಂ, ನಮ್ಮ ಮನೆಯಲ್ಲಿ ಹಳೆಯ ನಾಣ್ಯವಿದೆ, ಎಷ್ಟು ಲಕ್ಷ ಬರುತ್ತದೆ’ ಎನ್ನುವಂಥವು. ಸಹೋದ್ಯೋಗಿಯೊಬ್ಬರು ಕನಿಷ್ಠ ಸಾವಿರ ಜನರ ಅಭಿಪ್ರಾಯ ಬೇಕು ಎನ್ನುತ್ತಾರೆ. ಸಾಫ್ಟ್‌ವೇರ್ ಮಾಡಿಕೊಟ್ಟ ಹುಡುಗ ಐದು ಜನ ಸಾಕು ಎನ್ನುತ್ತಾನೆ. ಸಂಗ್ರಾಹಕರು ಬೆಲೆಯನ್ನೂ ಹಾಕಿ ಎಂದು ಒತ್ತಾಯಿಸುತ್ತಿದ್ದಾರೆ. ನಾಣ್ಯ ಸಿಕ್ಕ ಜಾಗವನ್ನು ನಕ್ಷೆಯಲ್ಲಿ ತೋರಿಸಿದ್ದಕ್ಕೆ ರೈತರೊಬ್ಬರು ಹೆದರಿದ್ದಾರೆ. ಸಂಕ್ರಮಣದ ಸಿದ್ಧೇಶ್ವರ ಜಾತ್ರೆಯ ಹೊತ್ತಿಗೆ ಬಿಡುಗಡೆ ಮಾಡುವ ಆಸೆ ನಮ್ಮದು. ನಾವು ಎಡವಿದ್ದು ಎಲ್ಲಿ?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕೈದು ಪ್ರಶ್ನೆಗಳಿದ್ದರೂ ಬುಡದಲ್ಲಿರುವ ಸಂಕಟ ಒಂದೇ. ಜನ ಬಾಯಿ ತುಂಬ ಹೊಗಳುತ್ತಾರೆ, ಕೈಯಿಂದ ಮುಟ್ಟುವುದಿಲ್ಲ. ವಸ್ತುಸಂಗ್ರಹಾಲಯಗಳ, ಗ್ರಂಥಾಲಯಗಳ ಡಿಜಿಟಲ್ ಪಟ್ಟಿಗಳನ್ನು ಬಳಕೆದಾರರ ಮುಂದಿಟ್ಟು ಪರೀಕ್ಷಿಸುವುದು ನನ್ನ ವೃತ್ತಿ. ನನ್ನ ಬಳಿಗೆ ಅತಿ ಹೆಚ್ಚಾಗಿ ಬರುವ ದೂರು ಇದೇ. ಇದರಿಂದ ನಿಮ್ಮ ದಾಖಲೆಗಳು ಕೆಟ್ಟವು ಎಂದು ತೀರ್ಮಾನಿಸಬೇಡಿ. ಅಭಿಪ್ರಾಯ ಕೇಳಿದ ರೀತಿಯಲ್ಲಿ ಖಂಡಿತ ದೋಷವಿದೆ, ಹುಡುಕಾಟದ ಮೊದಲ ಪುಟದಲ್ಲಿಯೂ ಇರುವ ಸಾಧ್ಯತೆ ಹೆಚ್ಚು.

ಮೊದಲು ಆ 42 ಫಾರ್ಮ್‌ಗಳನ್ನು ನೋಡೋಣ. ಯಾರೂ ಸುಳ್ಳು ಹೇಳಿಲ್ಲ. ಮೇಡಂ ಮಾಡಿದ ಕೆಲಸಕ್ಕೆ ಎರಡು ನಕ್ಷತ್ರ ಕೊಡುವ ವಿದ್ಯಾರ್ಥಿ ನಮ್ಮಲ್ಲಿಲ್ಲ. ತಾನೇ ನಾಣ್ಯ ಕೊಟ್ಟ ಸಂಗ್ರಾಹಕನೂ ಕೊಡುವುದಿಲ್ಲ. 2012ರಲ್ಲಿ ಪ್ರಕಟವಾದ ಒಂದು ಅಧ್ಯಯನ ಬೆಂಗಳೂರಿನಲ್ಲಿ 450 ಸಂದರ್ಶನಗಳನ್ನು ನಡೆಸಿ ಇದನ್ನೇ ಅಳೆದಿದೆ. ಪ್ರಶ್ನೆ ಕೇಳುತ್ತಿರುವವರೇ ತಯಾರಿಸಿದ್ದು ಎಂದು ತಿಳಿದರೆ ಜನ ಅದನ್ನು ಮೆಚ್ಚುವ ಸಾಧ್ಯತೆ ಸುಮಾರು ಎರಡೂವರೆ ಪಟ್ಟು ಹೆಚ್ಚುತ್ತದೆ. ಕೇಳುವವರು ಹೊರದೇಶದವರಾಗಿ, ನಡುವೆ ದುಭಾಷಿಯೂ ಇದ್ದರೆ ಅದು ಐದು ಪಟ್ಟಿಗೆ ಏರುತ್ತದೆ. ಮೇಲ್ನೋಟಕ್ಕೇ ಕಳಪೆ ಎಂದು ಕಾಣುವುದನ್ನೂ ಜನ ಒಳ್ಳೆಯದೆಂದರು. ಆದ್ದರಿಂದ ನಿಮ್ಮ ನಕ್ಷತ್ರಗಳು ನಿಮ್ಮ ಮೇಲಿನ ಗೌರವವನ್ನು ಹೇಳುತ್ತವೆ, ಡೇಟಾಬೇಸಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ‘ಹೇಗಿದೆ?’ ಎಂದು ಕೇಳುವುದನ್ನು ಬಿಡಿ. ಕೈಗೆ ಒಂದು ನಾಣ್ಯ ಕೊಟ್ಟು ‘ಇದು ಯಾವುದೆಂದು ಇದರಲ್ಲಿ ಹುಡುಕಿ’ ಎನ್ನಿ. ಆಮೇಲೆ ಸುಮ್ಮನೆ ನೋಡುತ್ತಾ ಕುಳಿತುಕೊಳ್ಳಿ.

ಹೀಗೆ ನೋಡಿದಾಗ ಏನು ಕಾಣುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಇಂಥದೇ ಒಂದು ಡೇಟಾಬೇಸಿನ ಪರೀಕ್ಷೆಗೆಂದು ಬಾಗಲಕೋಟೆಯ ಹಿರಿಯ ಪತ್ತಾರರೊಬ್ಬರ (ಅಕ್ಕಸಾಲಿಗರ) ಮುಂದೆ ನಾವು ಲಾರಿನ್ ಒಂದನ್ನು ಇಟ್ಟಿದ್ದೆವು. ಲಾರಿನ್ ದುಂಡಗಿನ ನಾಣ್ಯವಲ್ಲ. ಬೆಳ್ಳಿಯ ತಂತಿಯನ್ನು ನಡುವೆ ಮಡಚಿ, ಎರಡು ಎಳೆಗಳ ಮೇಲೂ ಅಚ್ಚು ಒತ್ತಿ ಮಾಡಿದ್ದು. ಪರ್ಷಿಯಾದ ಲಾರ್ ಪಟ್ಟಣದಿಂದ ಆ ಹೆಸರು ಬಂತು. ಅರಬ್ಬಿ ಸಮುದ್ರದ ವ್ಯಾಪಾರದಲ್ಲಿ ಚಲಾವಣೆಯಲ್ಲಿದ್ದ ಈ ನಾಣ್ಯವನ್ನು ಎರಡನೆಯ ಅಲಿ ಆದಿಲ್ ಶಾಹ (1656–1672) ತನ್ನ ಹೆಸರಿನಲ್ಲಿಯೂ ಅಚ್ಚು ಹಾಕಿಸಿದ. ಪತ್ತಾರರು ಅದನ್ನು ಬೆರಳ ತುದಿಯಲ್ಲಿ ತಿರುಗಿಸಿ ನೋಡಿದರು, ತಮ್ಮ ತಕ್ಕಡಿಯಲ್ಲಿ ತೂಗಿದರು, ಮಡಿಕೆಯ ಬಳಿ ಬೆಳ್ಳಿ ಸೀಳಿದೆಯೇ ಎಂದು ಭೂತಗನ್ನಡಿ ಹಿಡಿದು ಪರೀಕ್ಷಿಸಿದರು. ಲೋಹದ ಬಗ್ಗೆ ನಮ್ಮ ದಾಖಲೆಯಲ್ಲಿ ಇಲ್ಲದ ಸಂಗತಿಗಳನ್ನು ಎರಡೇ ನಿಮಿಷದಲ್ಲಿ ಹೇಳಿದರು. ಆಮೇಲೆ ಮೊಬೈಲ್ ಎತ್ತಿಕೊಂಡು ‘ಬೆಳ್ಳಿ ತಂತಿ’ ಎಂದು ಹುಡುಕಿದರು. ಏನೂ ಬರಲಿಲ್ಲ. ‘ಮಡಚಿದ ನಾಣ್ಯ’ ಎಂದು ಹುಡುಕಿದರು. ಆಗಲೂ ಬರಲಿಲ್ಲ. ‘ಇದು ನಿಮ್ಮಲ್ಲಿ ಇಲ್ಲ ಸರ್’ ಎಂದು ಮೊಬೈಲನ್ನು ವಾಪಸು ಕೊಟ್ಟರು. ಒಳಗೆ ಲಾರಿನ್‌ಗಳ ಒಂದು ವಿಭಾಗವೇ ಇತ್ತು. ಅದನ್ನು ತಲುಪಬೇಕಾದರೆ ಮೊದಲು ರಾಜವಂಶ, ಆಮೇಲೆ ಅರಸ, ಆಮೇಲೆ ನಾಣ್ಯದ ಹೆಸರನ್ನು ಆರಿಸಬೇಕಿತ್ತು.

ನಿಮ್ಮ ತೊಂದರೆಯ ಮೂಲವೂ ಇಲ್ಲೇ ಇದೆ ಎಂಬುದು ನನ್ನ ಅಂದಾಜು. ಪಟ್ಟಿ ಮಾಡುವವರು ಅರಸನಿಂದ ಹೊರಟು ನಾಣ್ಯಕ್ಕೆ ಬರುತ್ತಾರೆ. ನಾಣ್ಯ ಹಿಡಿದು ಬಂದವನಿಗೆ ಅರಸ ಯಾರೆಂದು ಗೊತ್ತಿಲ್ಲ, ಅವನು ಬಂದಿರುವುದೇ ಅದನ್ನು ತಿಳಿಯಲು. ಅವನಿಗೆ ಕಾಣುವುದು ಲೋಹ, ಆಕಾರ, ಚಿತ್ರ ಮತ್ತು ಓದಲು ಬಾರದ ಅಕ್ಷರ. ಮೊದಲ ಪುಟ ಈ ನಾಲ್ಕನ್ನೇ ಕೇಳಬೇಕು. ಸಿಂಹವಿದೆಯೇ? ಗೋವೆಯ ಕದಂಬರ ಚಿನ್ನದ ಗದ್ಯಾಣಗಳಿಗೆ ಕರೆದೊಯ್ಯಿರಿ. ಆ ಕದಂಬರ ಇನ್ನೊಂದು ರಾಜಧಾನಿಯಾಗಿದ್ದ ಹಲಸಿಯ ನಂಟಿನಿಂದಾಗಿ ಬೆಳಗಾವಿ ಕಡೆಯವರು ಇದನ್ನೇ ಮೊದಲು ಹುಡುಕುತ್ತಾರೆ. ಆನೆಗಳನ್ನು ಹಿಡಿದ ಎರಡು ತಲೆಯ ಹಕ್ಕಿ ಇದ್ದರೆ ವಿಜಯನಗರದ ಅಚ್ಯುತರಾಯನ ಗಂಡಭೇರುಂಡ. ಕುಳಿತ ಮಗುವಿನ ಚಿತ್ರವಿದ್ದರೆ ಕೃಷ್ಣದೇವರಾಯನ ಬಾಲಕೃಷ್ಣ. ಚಿತ್ರವಿಲ್ಲದೆ ಬರೀ ನಾಗರಿ ಅಕ್ಷರಗಳಿರುವ ತಾಮ್ರದ ನಾಣ್ಯವಾದರೆ ಶಿವರಾಯಿ ಇರಬಹುದು. ಅದರ ಒಂದು ಬದಿಯಲ್ಲಿ ‘ಶ್ರೀ ರಾಜಾ ಶಿವ’, ಇನ್ನೊಂದು ಬದಿಯಲ್ಲಿ ‘ಛತ್ರಪತಿ’ ಎಂದಿರುತ್ತದೆ. ಆದರೆ ಅಚ್ಚಿಗಿಂತ ಬಿಲ್ಲೆ ಚಿಕ್ಕದಾಗಿರುವುದರಿಂದ ಪೂರ್ತಿ ಬರಹ ಸಿಗುವುದು ಅಪರೂಪ. ‘ರಾಜಾ’ ಅಥವಾ ‘ಪತಿ’ ಎಂಬ ತುಣುಕಿನಿಂದಲೂ ಹುಡುಕಲು ಬರಬೇಕು. ರೋಮನ್ ಸಾಮ್ರಾಜ್ಯದ ನಾಣ್ಯಗಳಿಗೆ ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿ ನಡೆಸುವ ‘ಓಕ್ರೆ’ ಡೇಟಾಬೇಸಿನಲ್ಲಿ ನಾಣ್ಯ ಗುರುತಿಸುವುದಕ್ಕೆಂದೇ ಪ್ರತ್ಯೇಕ ಪುಟವಿದೆ. ಮುಖಗಳ ಚಿತ್ರ ನೋಡಿ ಹೋಲಿಸಿಕೊಳ್ಳಬಹುದು. ಅರಸರ ಮುಖವೇ ಇಲ್ಲದ ನಮ್ಮ ನಾಣ್ಯಗಳಿಗೆ ಆ ವಿಧಾನವನ್ನು ನಕಲು ಮಾಡಲಾಗದು, ಉದ್ದೇಶವನ್ನು ತೆಗೆದುಕೊಳ್ಳಬಹುದು.

ಇನ್ನು ಕಾಗುಣಿತ. ಇದು ಸಣ್ಣ ವಿಷಯವೆಂದು ಸಾಫ್ಟ್‌ವೇರ್ ಹುಡುಗರು ತಳ್ಳಿಹಾಕುತ್ತಾರೆ, ನಾನು ಒಪ್ಪುವುದಿಲ್ಲ. ಕನ್ನಡದ ಹುಡುಕಾಟಗಳು ಸೋಲುವುದು ಹೆಚ್ಚಾಗಿ ಇಲ್ಲಿಯೇ. ಒಬ್ಬರು ‘ಆದಿಲ್‌ಶಾಹಿ’ ಎಂದು, ಇನ್ನೊಬ್ಬರು ‘ಆದಿಲ ಶಾಹಿ’ ಎಂದು, ಮತ್ತೊಬ್ಬರು ‘ಆದಿಲ್ ಷಾಹಿ’ ಎಂದು ಬರೆಯುತ್ತಾರೆ. ಮೊದಲನೆಯದರಲ್ಲಿ ‘ಲ್’ ಮತ್ತು ‘ಶಾ’ ನಡುವೆ, ಒತ್ತಕ್ಷರ ಆಗದಂತೆ ತಡೆಯುವ ಒಂದು ಅದೃಶ್ಯ ಸಂಕೇತವಿರುತ್ತದೆ. ಕಣ್ಣಿಗೆ ಕಾಣದ ಆ ಸಂಕೇತವೇ ಹುಡುಕಾಟವನ್ನು ಕೆಡಿಸುತ್ತದೆ. ಊರಿನ ಹೆಸರೂ ಹಾಗೆಯೇ. 2014ರ ನವೆಂಬರ್ 1ರಿಂದ ಅಧಿಕೃತವಾಗಿ ವಿಜಯಪುರ, ಆದರೆ ಜನ ಬಿಜಾಪುರ ಎಂದೂ ವಿಜಾಪುರ ಎಂದೂ ಹುಡುಕುತ್ತಾರೆ. ಎಲ್ಲಕ್ಕೂ ಒಂದೇ ಉತ್ತರ ಬರಬೇಕು. ೧೬೫೬ ಎಂದರೂ 1656 ಎಂದರೂ ಒಂದೇ ಆಗಬೇಕು. ವಿದ್ಯಾರ್ಥಿಗಳ ಟಿಪ್ಪಣಿಗಳಲ್ಲಿ ಕೆಲವು ‘ನುಡಿ’ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಟೈಪಾಗಿದ್ದರೆ ಅವನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಒಬ್ಬರು ಕುಳಿತು ಓದಿ ತಿದ್ದಲೇಬೇಕು. ಪರಿವರ್ತನೆಯಲ್ಲಿ ಒತ್ತಕ್ಷರಗಳು ಕೆಡುತ್ತವೆ, ಕೆಟ್ಟ ಪದ ಹುಡುಕಾಟಕ್ಕೆ ಸಿಗುವುದಿಲ್ಲ.

ಆದಿಲ್‌ಶಾಹಿ ತಾಮ್ರದ ನಾಣ್ಯಗಳ ವಿಷಯದಲ್ಲಿ ನಿಮಗೊಂದು ಅನುಕೂಲವಿದೆ, ಅದನ್ನು ಬಳಸಿಕೊಂಡಂತೆ ಕಾಣುತ್ತಿಲ್ಲ. ಪರ್ಷಿಯನ್ ಲಿಪಿಯ ಅಕ್ಷರಗಳನ್ನು ಗುರುತಿಸಬಲ್ಲ ನೂರಾರು ಉರ್ದು ಓದುಗರು ನಿಮ್ಮ ಊರಿನಲ್ಲಿಯೇ ಇದ್ದಾರೆ. ಅವರಲ್ಲಿ ಹಲವರಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ನಾಣ್ಯದ ಬರಹವನ್ನು ಮೂಲ ಲಿಪಿಯಲ್ಲಿಯೇ ಟೈಪ್ ಮಾಡಿ, ಪಕ್ಕದಲ್ಲಿ ಕನ್ನಡ ಉಚ್ಚಾರಣೆಯನ್ನೂ ಅರ್ಥವನ್ನೂ ಕೊಡಿ. ಪರೀಕ್ಷೆಗೆ ಕೂರಿಸಿದಾಗ ಅವರು ನಮ್ಮ ಭಾಗದ ಉರ್ದುವಾದ ದಖನಿಯಲ್ಲಿ ಮಾತಾಡಲಿ, ಮರಾಠಿಯವರು ಮರಾಠಿಯಲ್ಲಿ ಮಾತಾಡಲಿ. ಮನಸ್ಸಿನಲ್ಲಿ ಓಡುತ್ತಿರುವುದನ್ನು ಗಟ್ಟಿಯಾಗಿ ಹೇಳುತ್ತಾ ಹುಡುಕಿ ಎಂದಾಗ ಮನೆಮಾತು ಬಿಟ್ಟು ಬೇರೆ ಮಾತಿನಲ್ಲಿ ಹೇಳುವುದು ಕಷ್ಟ.

ಈ ನಾಣ್ಯಗಳೊಂದಿಗೆ ಇನ್ನೊಂದು ತೊಡಕನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಬರಹ ಓದಲು ಬಾರದವರಿಗೆ ಯಾವುದು ಮೇಲು, ಯಾವುದು ಕೆಳಗು ಎಂದು ತಿಳಿಯುವುದಿಲ್ಲ. ಕೈಯಲ್ಲಿರುವ ನಾಣ್ಯವನ್ನು ತಲೆಕೆಳಗಾಗಿ ಹಿಡಿದು, ಪರದೆಯ ಚಿತ್ರದೊಡನೆ ಹೋಲಿಸಿ, ಇದಲ್ಲ ಎಂದು ಮುಂದೆ ಹೋಗುತ್ತಾರೆ. ಕೆಲವರು ಚಿತ್ರವನ್ನು ತಿರುಗಿಸಲು ಮೊಬೈಲನ್ನೇ ತಿರುಗಿಸುತ್ತಾರೆ, ಆಗ ಪರದೆಯೂ ತಾನಾಗಿ ತಿರುಗಿ ಚಿತ್ರ ಮತ್ತೆ ಮೊದಲಿನಂತೆಯೇ ನಿಲ್ಲುತ್ತದೆ. ಚಿತ್ರದ ಕೆಳಗೆ ಅದನ್ನು ತಿರುಗಿಸುವ ಒಂದು ಗುಂಡಿ ಇಟ್ಟರೆ ಸಾಕು. ಯಾವ ಫಾರ್ಮಿನಲ್ಲಿಯೂ ಯಾರೂ ಇದನ್ನು ಬರೆಯುವುದಿಲ್ಲ, ಏಕೆಂದರೆ ತಾವು ಎಡವಿದ್ದು ಇಲ್ಲಿ ಎಂದು ಅವರಿಗೇ ಗೊತ್ತಿರುವುದಿಲ್ಲ.

ಸಾವಿರ ಜನವೋ, ಐದು ಜನವೋ? ನಿಮ್ಮ ಸಹೋದ್ಯೋಗಿಯೂ ಆ ಹುಡುಗನೂ ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ ಹೇಳುತ್ತಿದ್ದಾರೆ. ಐದರ ಮಾತನ್ನು ಪ್ರಚಾರಕ್ಕೆ ತಂದವರು ಬಳಕೆದಾರರ ಪರೀಕ್ಷೆಯ ತಜ್ಞ ಯಾಕೋಬ್ ನೀಲ್ಸನ್, 2000ರಲ್ಲಿ. ಒಬ್ಬ ಬಳಕೆದಾರನಿಂದ ಸರಾಸರಿ ಶೇ 31ರಷ್ಟು ತೊಡಕುಗಳು ಬಯಲಾಗುತ್ತವೆ ಎಂದು ಹಿಡಿದರೆ, ಐವರಿಂದ ಸುಮಾರು ಶೇ 85ರಷ್ಟು ಬಯಲಾಗುತ್ತವೆ ಎಂಬುದು ಅವರ ಲೆಕ್ಕ. ಬಳಸುವವರೆಲ್ಲ ಒಂದೇ ಬಗೆಯವರಾಗಿದ್ದಾಗ ಮಾತ್ರ ಈ ಲೆಕ್ಕ ನಿಲ್ಲುತ್ತದೆ. ನಿಮ್ಮ ಬಳಕೆದಾರರು ಕನಿಷ್ಠ ಮೂರು ಬಗೆಯವರು: ಸಂಗ್ರಾಹಕರು, ವಿದ್ಯಾರ್ಥಿಗಳು ಮತ್ತು ಮನೆಯಲ್ಲಿ ಒಂದೋ ಎರಡೋ ಹಳೆಯ ನಾಣ್ಯ ಇಟ್ಟುಕೊಂಡ ಸಾಮಾನ್ಯರು. ಪ್ರತಿ ಗುಂಪಿನಿಂದ ಮೂರು ನಾಲ್ಕು ಜನರನ್ನು ಕೂರಿಸಿ. ಕಂಡದ್ದನ್ನು ತಿದ್ದಿ. ಆಮೇಲೆ ಹೊಸಬರನ್ನು ಕೂರಿಸಿ. ಒಂದೇ ಸಲ ಮೂವತ್ತು ಜನರನ್ನು ಕೂರಿಸುವುದಕ್ಕಿಂತ ಹತ್ತು ಹತ್ತು ಜನರಂತೆ ಮೂರು ಸುತ್ತು ಮಾಡುವುದು ಎಷ್ಟೋ ಮೇಲು. ‘ನೂರಕ್ಕೆ ಇಷ್ಟು ಜನರಿಗೆ ಸರಿಯಾದ ನಾಣ್ಯ ಸಿಕ್ಕಿತು’ ಎಂದು ವರದಿಯಲ್ಲಿ ಅಂಕಿ ಕೊಡಬೇಕಾದರೆ ಮಾತ್ರ ಇನ್ನೂ ಹೆಚ್ಚು ಜನ ಬೇಕಾಗುತ್ತಾರೆ. ಆಗಲೂ ಸಾವಿರ ಬೇಡ, ಇಪ್ಪತ್ತರಿಂದ ನಲವತ್ತು ಜನ ಒಂದೇ ಕೆಲಸ ಮಾಡಿದರೆ ಒಂದು ಅಂದಾಜು ಸಿಗುತ್ತದೆ.

ಪರೀಕ್ಷೆಯ ಸಮಯದಲ್ಲಿ ನೀವು ಆ ಕೋಣೆಯಲ್ಲಿ ಇರಬಾರದು. ಕಠಿಣ ಎನಿಸಬಹುದು, ಆದರೆ ಗುರುಗಳು ಪಕ್ಕದಲ್ಲಿದ್ದರೆ ವಿದ್ಯಾರ್ಥಿ ಹುಡುಕುವುದಿಲ್ಲ, ಪರೀಕ್ಷೆ ಬರೆಯುತ್ತಾನೆ. ಬೇರೆ ಕಾಲೇಜಿನ ಒಬ್ಬರನ್ನು ಕೂರಿಸಿ, ‘ಇದನ್ನು ಮಾಡಿದವರು ನಾವಲ್ಲ, ತಪ್ಪು ಹುಡುಕಲು ಬಂದಿದ್ದೇವೆ’ ಎಂದು ಅವರೇ ಹೇಳಲಿ. ಕೊಡುವ ಕೆಲಸದಲ್ಲಿ ಉತ್ತರದ ಪದ ಇರಬಾರದು. ‘ಲಾರಿನ್ ಹುಡುಕಿ’ ಎಂದರೆ ಪರೀಕ್ಷೆಯೇ ಕೆಟ್ಟಿತು. ಮೂಲ ನಾಣ್ಯ ಕೊಡುವುದು ಅಪಾಯವೆನಿಸಿದರೆ ಎರಡು ಬದಿಗಳ ಫೋಟೋವನ್ನು ನಿಜ ಗಾತ್ರದಲ್ಲಿ ಮುದ್ರಿಸಿ ದುಂಡಗೆ ಕತ್ತರಿಸಿ ಕೊಡಿ, ಯಾವ ದಿಕ್ಕಿನಲ್ಲಿ ಬೇಕಾದರೂ ಹಿಡಿಯಲಿ. ಗೋಳಗುಮ್ಮಟದ ಎದುರಿನ ನಗಾರಖಾನೆಯ ಮ್ಯೂಸಿಯಂ ನೋಡಿ ಬಂದವರು ಹೊರಗಿನ ಹುಲ್ಲುಹಾಸಿನಲ್ಲಿ ಕುಳಿತಿರುತ್ತಾರೆ. ಸಾಮಾನ್ಯ ಬಳಕೆದಾರರಿಗೆ ಅದಕ್ಕಿಂತ ಒಳ್ಳೆಯ ಜಾಗ ನಿಮ್ಮ ಊರಿನಲ್ಲಿಲ್ಲ, ಅಲ್ಲಿ ಕೂರುವ ಮುನ್ನ ಸಂಬಂಧಪಟ್ಟವರ ಒಪ್ಪಿಗೆ ಪಡೆಯಿರಿ.

ಎದುರು ಕೂರಿಸಿ ನೋಡುವುದಕ್ಕೆ ಸಮಯ ಬೇಕು, ಕೆಲವೇ ಜನರನ್ನು ಮುಟ್ಟುತ್ತದೆ. ಇದರ ಜೊತೆಗೆ ಹುಡುಕಾಟದ ದಾಖಲೆಯನ್ನು ವಾರಕ್ಕೊಮ್ಮೆ ತೆಗೆದು ನೋಡಿ. ಜನ ಟೈಪ್ ಮಾಡಿ ಏನೂ ಸಿಗದೆ ಹೋದ ಪದಗಳ ಪಟ್ಟಿ ಅದರಲ್ಲಿರುತ್ತದೆ. ಯಾವ ಫಾರ್ಮಿಗಿಂತಲೂ ಅದು ಪ್ರಾಮಾಣಿಕ. ಆದರೆ ಏಕೆ ಹುಡುಕಿದರು ಎಂಬುದನ್ನು ಅದು ಹೇಳುವುದಿಲ್ಲ, ಯಾರು ಹುಡುಕಿದರು ಎಂಬುದನ್ನು ನೀವು ಇಟ್ಟುಕೊಳ್ಳಲೂಬಾರದು. ಪದ ಮತ್ತು ದಿನಾಂಕ ಮಾತ್ರ ಉಳಿಸಿ. ಎಲ್ಲರಿಗೂ ಕಾಣುವಂತೆ ಪ್ರತಿಕ್ರಿಯೆ ಬರೆಯುವ ಜಾಗವನ್ನು ಸದ್ಯಕ್ಕೆ ತೆರೆಯಬೇಡಿ ಎನ್ನುವುದು ನನ್ನ ಸಲಹೆ. ನಾಣ್ಯದ ಪುಟಗಳಲ್ಲಿ ಅದು ಕೆಲವೇ ದಿನಗಳಲ್ಲಿ ಫೋನ್ ನಂಬರುಗಳ ಸಂತೆಯಾಗುತ್ತದೆ, ಕೊಳ್ಳುವವರು ಮಾರುವವರು ಅಲ್ಲಿಯೇ ವ್ಯವಹಾರ ಕುದುರಿಸುತ್ತಾರೆ. ಪ್ರತಿ ದಾಖಲೆಯ ಕೆಳಗೆ ‘ಇದರಲ್ಲಿ ತಪ್ಪಿದೆ’ ಎಂಬ ಗುಂಡಿ ಇಡಿ, ಬರೆದದ್ದು ನಿಮಗೆ ಮಾತ್ರ ತಲುಪಲಿ.

ಹೀಗೆ ಬಂದದ್ದನ್ನು ಎರಡಾಗಿ ವಿಂಗಡಿಸಿ. ‘ಚಿತ್ರ ತೆರೆಯುತ್ತಿಲ್ಲ’ ಎಂಬುದನ್ನು ಅದೇ ವಾರ ತಿದ್ದಬಹುದು. ‘ಇದು ಈ ಸುಲ್ತಾನನದಲ್ಲ’ ಎಂಬುದಕ್ಕೆ ಓದು ಬೇಕು, ಬಲ್ಲವರೊಬ್ಬರು ನೋಡಬೇಕು, ಹಳೆಯ ಅಭಿಪ್ರಾಯವನ್ನು ಅಳಿಸದೆ ದಿನಾಂಕದೊಡನೆ ಪಕ್ಕದಲ್ಲಿ ಉಳಿಸಬೇಕು. ಎರಡರ ನಡುವೆ ಬೀಳುವಂಥವೂ ಇವೆ. ನಾಣ್ಯದ ಮೇಲೆ ಹಿಜರಿ 1071 ಎಂದಿರುತ್ತದೆ, ನೀವು 1660 ಎಂದು ಹಾಕಿರುತ್ತೀರಿ, ಇಸವಿ ತಪ್ಪು ಎಂದು ಒಬ್ಬರು ಬರೆಯುತ್ತಾರೆ. ಹಿಜರಿ ವರ್ಷ ಸಾಮಾನ್ಯವಾಗಿ ನಮ್ಮ ಎರಡು ಇಸವಿಗಳ ಮೇಲೆ ಹರಡಿಕೊಂಡಿರುತ್ತದೆ. ‘ಹಿಜರಿ 1071 (1660–61)’ ಎಂದು ಎರಡನ್ನೂ ತೋರಿಸಿದರೆ ದೂರು ನಿಲ್ಲುತ್ತದೆ. ದೂರು ಕೊಟ್ಟವರಿಗೆ ಏನು ಮಾಡಿದಿರಿ ಎಂದು ಒಂದು ಸಾಲು ಬರೆಯಿರಿ. ಉತ್ತರ ಸಿಗದವರು ಎರಡನೆಯ ಸಲ ಬರೆಯುವುದಿಲ್ಲ.

ಬೆಲೆಯ ವಿಷಯದಲ್ಲಿ ನನ್ನ ನಿಲುವು ಖಚಿತ: ಹಾಕಬೇಡಿ. ಸಂಗ್ರಾಹಕರ ಬೇಡಿಕೆ ದುರಾಸೆಯದು ಎಂದು ನಾನು ಹೇಳುತ್ತಿಲ್ಲ, ವಿಮೆಗೋ ಆಸ್ತಿ ಹಂಚಿಕೆಗೋ ಅವರಿಗೆ ಅದು ನಿಜವಾಗಿ ಬೇಕಾಗಿರುತ್ತದೆ. ಆದರೆ ನಾಣ್ಯದ ಬೆಲೆ ಅದರ ಸ್ಥಿತಿ, ಅಪರೂಪ ಮತ್ತು ಅಸಲಿತನದ ಮೇಲೆ ನಿಂತಿದೆ. ಒಂದು ಹರಾಜಿನ ಅಂಕಿ ನಿಮ್ಮ ಪುಟದಲ್ಲಿ ಕಂಡರೆ ಸವೆದ ನಾಣ್ಯ ಇಟ್ಟುಕೊಂಡವನೂ ಅದನ್ನೇ ಪ್ರಮಾಣಪತ್ರದಂತೆ ಹಿಡಿದು ಓಡಾಡುತ್ತಾನೆ. ‘ಎಷ್ಟು ಲಕ್ಷ’ ಎಂಬ ಕರೆಗಳ ಹಿಂದೆ ದೊಡ್ಡ ವಂಚನೆಯ ಜಾಲವೇ ಇದೆ. ಹಳೆಯ ನೋಟು ನಾಣ್ಯಗಳ ಮಾರಾಟಕ್ಕೆ ತನ್ನ ಹೆಸರು ಬಳಸಿ ಶುಲ್ಕ, ತೆರಿಗೆ ಎಂದು ಹಣ ಕೇಳುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಎಚ್ಚರಿಸಿತ್ತು. ಆ ಎಚ್ಚರಿಕೆಯನ್ನು ನಿಮ್ಮ ಮೊದಲ ಪುಟದಲ್ಲಿಯೇ ಹಾಕಿ.

ಇದಕ್ಕೆ ಸೇರಿದ ಇನ್ನೊಂದು ಕೆಲಸವಿದೆ, ವಿದ್ವಾಂಸರು ಒಪ್ಪದಿದ್ದರೂ ಮಾಡಿ. ರಾಮ ಸೀತೆಯರ ಚಿತ್ರ, ಇನ್ನೊಂದು ಬದಿಯಲ್ಲಿ ‘ಈಸ್ಟ್ ಇಂಡಿಯಾ ಕಂಪನಿ 1818’ ಎಂದಿರುವ ಬಿಲ್ಲೆಗಳನ್ನು ನೀವು ನೋಡಿಯೇ ಇರುತ್ತೀರಿ. ಕಂಪನಿ ಅಂಥ ನಾಣ್ಯವನ್ನು ಎಂದೂ ಅಚ್ಚು ಹಾಕಲಿಲ್ಲ. ಅವು ತೀರ ಈಚಿನವು. ನಿಮ್ಮ ಡೇಟಾಬೇಸಿಗೆ ಬರುವ ಸಾಮಾನ್ಯರಲ್ಲಿ ಬಹಳ ಜನ ಹಿಡಿದು ಬರುವುದು ಇದನ್ನೇ. ಹುಡುಕಿದಾಗ ಏನೂ ಸಿಗದಿದ್ದರೆ ಅವರು ‘ಇಷ್ಟು ಅಪರೂಪವೇ!’ ಎಂದುಕೊಂಡು ವಂಚಕರ ಕೈಗೆ ಬೀಳುತ್ತಾರೆ. ಅದಕ್ಕೊಂದು ಪುಟ ಮಾಡಿ, ಚಿತ್ರ ಹಾಕಿ, ಇದು ನಾಣ್ಯವಲ್ಲ ಎಂದು ದೊಡ್ಡ ಅಕ್ಷರಗಳಲ್ಲಿ ಬರೆಯಿರಿ. ನಿಮ್ಮ ಇಡೀ ಡೇಟಾಬೇಸಿನಲ್ಲಿ ಅತಿ ಹೆಚ್ಚು ಉಪಕಾರ ಮಾಡುವ ಪುಟ ಅದೇ ಆದೀತು.

ಆ ರೈತರ ಭಯ ನ್ಯಾಯವಾದದ್ದು. ನಿಧಿಯ ಆಸೆಗೆ ಗುಡಿ, ಹೊಲಗಳನ್ನು ಅಗೆಯುವವರ ಸುದ್ದಿ ನಮ್ಮ ಭಾಗದವರಿಗೆ ಹೊಸದಲ್ಲ. ನಕ್ಷೆಯನ್ನು ಇಂದೇ ತೆಗೆಯಿರಿ. ಸಾರ್ವಜನಿಕರಿಗೆ ತಾಲ್ಲೂಕಿನ ಹೆಸರು ಮಾತ್ರ ಕಾಣಲಿ. ಊರು, ಹೊಲ, ಸಿಕ್ಕ ಆಳ ಇವೆಲ್ಲ ಒಳಗಿನ ದಾಖಲೆಯಲ್ಲಿ ಉಳಿಯಲಿ, ಏಕೆಂದರೆ ಸಿಕ್ಕ ಜಾಗ ಗೊತ್ತಿಲ್ಲದ ನಾಣ್ಯ ಇತಿಹಾಸಕ್ಕೆ ಅರ್ಧ ಸತ್ತಂತೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಜನರಿಗೆ ಸಿಕ್ಕ ವಸ್ತುಗಳನ್ನು ದಾಖಲಿಸುವ ಯೋಜನೆಯೂ ಸಾರ್ವಜನಿಕರಿಗೆ ಅಂದಾಜು ಸ್ಥಳವನ್ನಷ್ಟೇ ತೋರಿಸುತ್ತದೆ. ಇದರ ಜೊತೆಗೆ ಎಲ್ಲರೂ ಮರೆಯುವ ಒಂದು ಸಂಗತಿ: ಮೊಬೈಲಿನಲ್ಲಿ ತೆಗೆದ ಫೋಟೋದೊಳಗೆ ತೆಗೆದ ಜಾಗದ ಅಕ್ಷಾಂಶ ರೇಖಾಂಶಗಳು ಅಡಗಿರಬಹುದು. ವಿದ್ಯಾರ್ಥಿಗಳು ಸಂಗ್ರಾಹಕರ ಮನೆಯಲ್ಲೇ ಫೋಟೋ ತೆಗೆದಿದ್ದರೆ, ಬೆಳ್ಳಿ ಬಂಗಾರ ಇರುವ ಮನೆಗಳ ವಿಳಾಸವನ್ನೇ ಪ್ರಕಟಿಸಿದಂತಾಗುತ್ತದೆ. ಎಂಟುನೂರು ದಾಖಲೆಗಳ ಚಿತ್ರಗಳಿಂದಲೂ ಆ ಮಾಹಿತಿಯನ್ನು ಅಳಿಸಿ.

ಕಾನೂನನ್ನೂ ರೈತರಿಗೆ ಮೆಲ್ಲಗೆ ತಿಳಿಸಿ. ನೆಲದಲ್ಲಿ ಸಿಕ್ಕ ನಿಧಿಯನ್ನು ಜಿಲ್ಲಾಡಳಿತಕ್ಕೆ ತಿಳಿಸಬೇಕು ಎಂಬುದು 1878ರ ನಿಧಿ ಕಾಯ್ದೆಯ ಕಾಲದಿಂದಲೂ ಇರುವ ನಿಯಮ, ಕರ್ನಾಟಕಕ್ಕೆ 1962ರ ತನ್ನದೇ ಕಾಯ್ದೆಯೂ ಇದೆ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯ ಪ್ರಕಾರ ಪ್ರಾಚ್ಯವಸ್ತು, ಅದನ್ನು ಖಾಸಗಿಯವರು ದೇಶದಾಚೆ ಕಳಿಸುವಂತಿಲ್ಲ. ಹೊಲದಲ್ಲಿ ಒಂದು ಗಡಿಗೆ ನಾಣ್ಯ ಸಿಕ್ಕಿದ್ದರೆ ಅದನ್ನು ಡೇಟಾಬೇಸಿಗೆ ಸೇರಿಸುವ ಮುನ್ನ ಅವರ ಜೊತೆ ನೀವೇ ಜಿಲ್ಲಾಧಿಕಾರಿ ಕಚೇರಿಗೆ ಹೋಗಿ ಬನ್ನಿ. ಒಂಟಿಯಾಗಿ ಹೋಗಲು ಜನ ಅಂಜುತ್ತಾರೆ.

ಜಾತ್ರೆಯ ಹೊತ್ತಿಗೆ ಬಿಡುಗಡೆ ಸಾಧ್ಯವೇ? ಎಂಟುನೂರನ್ನೂ ಒಟ್ಟಿಗೆ ಬಿಡುವ ಹಟ ಬೇಡ. ಆದಿಲ್‌ಶಾಹಿ ಮತ್ತು ಶಿವರಾಯಿ ವಿಭಾಗಗಳನ್ನು ಎರಡು ಸುತ್ತು ಪರೀಕ್ಷಿಸಿ ಅಷ್ಟನ್ನೇ ತೆರೆಯಿರಿ. ನಿಮ್ಮ ಜನರ ಮನೆಗಳಲ್ಲಿ ಇರುವುದೂ ಹೆಚ್ಚಾಗಿ ಅವೇ. ಅದಕ್ಕೂ ಮುನ್ನ ಎರಡು ಕೆಲಸ ಮುಗಿದಿರಲೇಬೇಕು. ಒಂದು, ಮೇಲೆ ಹೇಳಿದಂತೆ ಚಿತ್ರಗಳಲ್ಲಿನ ಸ್ಥಳದ ಮಾಹಿತಿ ಅಳಿಸುವುದು. ಇನ್ನೊಂದು, ಪ್ರತಿ ನಾಣ್ಯಕ್ಕೂ ಎಂದೂ ಬದಲಾಗದ ಒಂದು ಸಂಖ್ಯೆ ಕೊಡುವುದು. ಆ ಸಂಖ್ಯೆಯಲ್ಲಿ ಅರಸನ ಹೆಸರಾಗಲಿ ರಾಜವಂಶವಾಗಲಿ ಸೇರಿರಬಾರದು. ಇಂದು ಇಬ್ರಾಹಿಂನದೆಂದುಕೊಂಡದ್ದು ನಾಳೆ ಅಲಿಯದೆಂದು ತಿಳಿದಾಗ ಸಂಖ್ಯೆಯನ್ನೂ ಬದಲಿಸಿದರೆ ಹಳೆಯ ಉಲ್ಲೇಖಗಳೆಲ್ಲ ಮುರಿದುಬೀಳುತ್ತವೆ. ಉಳಿದದ್ದನ್ನು ಬಿಡುಗಡೆಯ ನಂತರವೂ ತಿದ್ದಬಹುದು, ಇವೆರಡನ್ನು ತಿದ್ದಲಾಗದು.